10 ಕಿ.ಮೀ. ಟೈಮ್ 62 ನಿಮಿಷದಲ್ಲೇ ನಿಂತಿದೆ, ದುಬಾರಿ ಶೂ ತಗೊಂಡ್ರೆ ಇಳಿಯುತ್ತಾ?

ಪಶ್ಚಿಮ ಗೇಟ್:

ಎಲ್ಲರಿಗೂ ನಮಸ್ಕಾರ. ವಯಸ್ಸು 38, ಮನೆ ಜಯನಗರದಲ್ಲಿ, ದಿನವಿಡೀ ಕೂತು ಮಾಡುವ ಕೆಲಸ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಓಡುತ್ತೇನೆ, ಒಟ್ಟು 25 ಕಿ.ಮೀ. ಆಗುತ್ತದೆ. ನಾಲ್ಕೂ ದಿನ ಹೆಚ್ಚುಕಮ್ಮಿ ಒಂದೇ ವೇಗ, ಕಿಲೋಮೀಟರಿಗೆ 6:20ರಿಂದ 6:30. 10 ಕಿ.ಮೀ. ಟೈಮ್ ಶುರುವಿನಲ್ಲಿ ಚೆನ್ನಾಗಿ ಇಳಿಯಿತು, ಆಮೇಲೆ 62ಕ್ಕೆ ಬಂದು ಕೂತಿದೆ, ಅಲ್ಲಾಡುತ್ತಿಲ್ಲ.

ಏಪ್ರಿಲ್ ಕೊನೆಗೆ ನಮ್ಮ ಬೆಂಗಳೂರಲ್ಲಿ ನಡೆಯುವ ವರ್ಲ್ಡ್ 10ಕೆ ಓಟದಲ್ಲಿ 55 ನಿಮಿಷ ಮಾಡಬೇಕು ಅಂತ ಆಸೆ. ಗ್ರೂಪಿನಲ್ಲಿ ಒಬ್ಬರು ಕಾರ್ಬನ್ ಪ್ಲೇಟ್ ಶೂ (ಅಡಿಯ ಫೋಮ್ ಒಳಗೆ ಗಟ್ಟಿ ಕಾರ್ಬನ್ ಹಾಳೆ ಇರುವಂಥದ್ದು) ತಗೊಳ್ಳಿ, ಎರಡು ಮೂರು ನಿಮಿಷ ಸುಮ್ನೆ ಕಮ್ಮಿ ಆಗುತ್ತೆ ಅಂತಾರೆ. ಬೆಲೆ ಕೇಳಿ ಮನೆಯವಳು ಆ ದುಡ್ಡಿಗೆ ಒಂದು ಫ್ರಿಜ್ ಬರುತ್ತೆ ಅಂದಳು.

ಇನ್ನೊಂದು ವಿಷಯ. ಕೆಲವು ವಾರಗಳಿಂದ ಮೊಣಕಾಲ ಕೆಳಗೆ, ಮೂಳೆಯ ಒಳಬದಿಯಲ್ಲಿ ನೋವು. ಓಟದ ಮೊದಲ ಕಿಲೋಮೀಟರ್ ಕಾಡುತ್ತೆ, ಆಮೇಲೆ ಮರೆತುಹೋಗುತ್ತೆ, ಸಂಜೆ ಮತ್ತೆ ಶುರು. ಓಡುವ ಮೊದಲು ಒಂದು ನೋವಿನ ಮಾತ್ರೆ ನುಂಗಿದರೆ ತೊಂದರೆ ಇದೆಯಾ?

ಕುಕ್ಕರಹಳ್ಳಿ ದಂಡೆ:

ಸರ್, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 62 ನಿಮಿಷ ಅಂದರೆ ಕಿಲೋಮೀಟರಿಗೆ 6:12. ದಿನಾ ಓಡುತ್ತಿರುವುದು 6:20. ಅಂದರೆ ವಾರಕ್ಕೆ ನಾಲ್ಕು ಸಲ ರೇಸಿಗಿಂತ ಸ್ವಲ್ಪವೇ ಸ್ವಲ್ಪ ನಿಧಾನವಾಗಿ ಓಡುತ್ತಿದ್ದೀರಿ. ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವಷ್ಟು ನಿಧಾನವೂ ಅಲ್ಲ, ಹೊಸದಾಗಿ ಏನಾದರೂ ಕಲಿಸುವಷ್ಟು ಜೋರೂ ಅಲ್ಲ. ನಡುವೆ ಸಿಕ್ಕಿಕೊಂಡಿದ್ದೀರಿ. ನಮ್ಮಲ್ಲಿ ಮುಕ್ಕಾಲು ಪಾಲು ಓಟಗಾರರ ಕಥೆ ಇದೇ.

ನಾಲ್ಕರಲ್ಲಿ ಮೂರು ದಿನ ಆರಾಮಾಗಿ ಓಡಿ. ಆರಾಮು ಅಂದರೆ 7:15ರಿಂದ 7:45, ಪಕ್ಕದವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡುವಂತಿರಬೇಕು. ಎರಡೆರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿ ಆಯಿತು ಅಂತಲೇ ಅರ್ಥ. ಸ್ನಾಯುಗಳ ಒಳಗೆ ಸಣ್ಣ ರಕ್ತನಾಳಗಳು ಹೆಚ್ಚುವುದು, ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಬೆಳೆಯುವುದು, ಇದೆಲ್ಲ ಇಂಥ ನಿಧಾನದ ಓಟದಲ್ಲೇ ದಂಡಿಯಾಗಿ ಆಗುತ್ತದೆ, ಮತ್ತು ಮುಖ್ಯವಾಗಿ ಮರುದಿನ ಕಾಲು ಉಳಿದಿರುತ್ತದೆ. ಮೂರರಲ್ಲಿ ಒಂದು ದಿನದ ಓಟವನ್ನು ನಿಧಾನಕ್ಕೆ 12 ಕಿ.ಮೀ.ವರೆಗೆ ಉದ್ದ ಮಾಡಿ.

ನಾಲ್ಕನೆಯ ದಿನ ಮಾತ್ರ ಬೆವರು. ಒಂದು ವಾರ ಇಂಟರ್ವಲ್: 800 ಮೀಟರ್ ನಾಲ್ಕು ಸಲ, ಪ್ರತಿ ಸಲಕ್ಕೂ 4:40, ನಡುವೆ 400 ಮೀಟರ್ ತೀರಾ ನಿಧಾನವಾಗಿ. ಕೊನೆಯದೂ ಮೊದಲಿನಷ್ಟೇ ಟೈಮಿಗೆ ಬರಬೇಕು, ಮೊದಲನೆಯದನ್ನೇ ನಾಲ್ಕು ನಿಮಿಷಕ್ಕೆ ಹೊಡೆದು ಆಮೇಲೆ ಮರ ಹಿಡಿದು ನಿಲ್ಲೋದಲ್ಲ. ಮರುವಾರ ಟೆಂಪೋ, 20 ನಿಮಿಷ. ಟೆಂಪೋ ಅಂದರೆ ಸುಮಾರು ಒಂದು ಗಂಟೆ ಹಿಡಿದಿಟ್ಟುಕೊಳ್ಳಬಹುದಾದ ವೇಗ, ನಿಮ್ಮ ಲೆಕ್ಕದಲ್ಲಿ ಅದು ಈಗಿನ ರೇಸ್ ವೇಗವೇ ಆಗುತ್ತದೆ.

55 ನಿಮಿಷಕ್ಕೆ ಕಿಲೋಮೀಟರಿಗೆ 5:30 ಬೇಕು. ಒಂದೇ ಸೀಸನ್‌ನಲ್ಲಿ ಅಷ್ಟು ಇಳಿಯುವುದು ಕಷ್ಟ. ಈ ಸಲ 58 ಇಟ್ಟುಕೊಳ್ಳಿ, ಅದೂ ಕಡಿಮೆಯೇನಲ್ಲ.

ಹಳೇ ಸೋಲು:

ಶೂ ವಿಷಯ ನನಗೆ ಬಿಡಿ.

2017ರಲ್ಲಿ ನೈಕಿಯವರು ವೇಪರ್‌ಫ್ಲೈ 4% ಅಂತ ಕಾರ್ಬನ್ ಪ್ಲೇಟ್ ಶೂ ತಂದರಲ್ಲ, ಆ ನಾಲ್ಕು ಪರ್ಸೆಂಟ್ ಅನ್ನೋದು ಟೈಮಿನ ಲೆಕ್ಕ ಅಲ್ಲ. ಅದೇ ವೇಗಕ್ಕೆ ದೇಹ ಖರ್ಚು ಮಾಡುವ ಶಕ್ತಿ ಅಷ್ಟು ಕಮ್ಮಿ ಅಂತ. ಅದನ್ನು ಅಳೆದದ್ದೂ ಗಂಟೆಗೆ 14ರಿಂದ 18 ಕಿ.ಮೀ. ಓಡುವ ಗಟ್ಟಿ ಓಟಗಾರರ ಮೇಲೆ. ನೀವು ಗಂಟೆಗೆ 10 ಕಿ.ಮೀ. ಹತ್ತಿರ ಇದ್ದೀರಿ. ಆ ವೇಗದಲ್ಲಿ ಲಾಭ ಕಮ್ಮಿ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ. ಜೊತೆಗೆ ಆ ಶೂಗಳ ಫೋಮ್ ದಪ್ಪ, ಮೆತ್ತಗೆ. ರಸ್ತೆ ರೇಸಿಗೆ 40 ಮಿ.ಮೀ. ಮೀರಬಾರದು ಅಂತ ವರ್ಲ್ಡ್ ಅಥ್ಲೆಟಿಕ್ಸ್ ನಿಯಮವನ್ನೇ ತರಬೇಕಾಯಿತು. ಲಾಲ್‌ಬಾಗ್ ತಿರುವುಗಳಲ್ಲಿ, ಬೇರು ಕಲ್ಲುಗಳ ಮೇಲೆ ಅದನ್ನು ದಿನಾ ಹಾಕಿಕೊಂಡು ಪಾದ ಮಗುಚಿಕೊಳ್ಳಬೇಡಿ. ಮನೆಯವರ ಮಾತು ಕೇಳಿ, ಫ್ರಿಜ್ ತಗೊಳ್ಳಿ.

ಮಾಮೂಲಿ ಟ್ರೇನಿಂಗ್ ಶೂ ಸಾಕು, ಹಿಂದಿನ ವರ್ಷದ ಮಾಡೆಲ್ ಆದರೆ ಇನ್ನೂ ಅಗ್ಗ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಗ್ಯಾರಂಟಿ. ಪಾದದ ಮುಂಭಾಗ ಅಗಲ ಇದ್ದರೆ 2ಇ ಅಗಲದ್ದು ಕೇಳಿ, ಉದ್ದದಲ್ಲಿ ಒಂದು ಸೈಜ್ ದೊಡ್ಡದು ತಗೊಂಡರೆ ಹಿಮ್ಮಡಿ ಜಾರುತ್ತದೆ. ಲೇಸಿನ ತೂತುಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಯಾರೂ ಬಳಸೋದೇ ಇಲ್ಲ. ಎರಡೂ ಕಡೆ ಅದರೊಳಗೆ ಲೇಸಿನ ಸಣ್ಣ ಕುಣಿಕೆ ಮಾಡಿ, ಎದುರಿನ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡಲ್ಲ.

ಈಗಿನ ಶೂ ಎಷ್ಟು ಓಡಿದೆ? ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬರುತ್ತದೆ. ಕೆಳಗಿನ ರಬ್ಬರ್ ನೋಡಿ ಮೋಸ ಹೋಗಬೇಡಿ, ಪಕ್ಕದ ಫೋಮ್ ನೋಡಿ. ಅಡ್ಡ ಗೆರೆ ಗೆರೆ ಮಡಿಕೆ ಬಿದ್ದು, ಒತ್ತಿದರೆ ಗಟ್ಟಿ ಅನ್ನಿಸಿದರೆ ಅದರ ಕೆಲಸ ಮುಗಿದಿದೆ.

ಮೀನಖಂಡ:

ಫಿಸಿಯೋಥೆರಪಿ ನನ್ನ ಕೆಲಸ, ಹಾಗಾಗಿ ಕಾಲಿನ ಬಗ್ಗೆ ಮಾತ್ರ. ನೋವಿರುವ ಮೂಳೆಯ ಅಂಚನ್ನು ಒಂದು ಬೆರಳಿನಿಂದ ಒತ್ತುತ್ತಾ ಮೇಲಿನಿಂದ ಕೆಳಗೆ ಬನ್ನಿ. ಒಂದು ಅಂಗೈಯಷ್ಟು ಉದ್ದಕ್ಕೆ ಹರಡಿಕೊಂಡ ನೋವಾದರೆ, ಓಡುತ್ತಾ ಬಿಸಿಯಾದಂತೆ ಕಮ್ಮಿಯಾಗುತ್ತಿದ್ದರೆ, ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡಕ್ಕೆ ಮೊಣಕಾಲ ಕೆಳಗಿನ ಮೂಳೆಯ ಅಂಚಿನಲ್ಲಿ ಬರುವ ನೋವು. ಒಂದೇ ಚುಕ್ಕಿಯಲ್ಲಿ ಚುರುಕ್ ಅಂದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಓಟ ಅವತ್ತೇ ನಿಲ್ಲಿಸಿ ಮೂಳೆ ಡಾಕ್ಟರನ್ನು ನೋಡಿ. ಅದು ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಆಗಿದ್ದರೂ ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು.

ಮಾತ್ರೆ ನುಂಗಿ ಓಡುವುದು ಖಂಡಿತ ಬೇಡ. ನೋವು ಮುಚ್ಚಿಹೋದರೆ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಗೊತ್ತಾಗಲ್ಲ. ಐಬುಪ್ರೊಫೆನ್ ಥರದ್ದನ್ನು ಬೆವರಿ ನೀರು ಕಮ್ಮಿಯಾದ ಹೊತ್ತಿನಲ್ಲಿ ತಗೊಂಡರೆ ಕಿಡ್ನಿಗೂ ಹೊಡೆತ.

ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸಿ, ಮಂಡಿ ನೆಟ್ಟಗಿಟ್ಟು ಒಂದಷ್ಟು, ಮಂಡಿ ಸ್ವಲ್ಪ ಬಗ್ಗಿಸಿ ಒಂದಷ್ಟು. ಬಗ್ಗಿಸಿ ಮಾಡುವುದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಬೀಳುವುದು ಅದರಲ್ಲೇ. ಹೆಜ್ಜೆ ಸ್ವಲ್ಪ ಚಿಕ್ಕದು ಮಾಡಿ, ಮೂಳೆಯ ಮೇಲಿನ ಭಾರ ಇಳಿಯುತ್ತದೆ. ನಿಮಿಷಕ್ಕೆ 180 ಹೆಜ್ಜೆ ಅಂತ ಹಟ ಬೇಡ, ನಿಮ್ಮ ಈಗಿನದಕ್ಕಿಂತ ನೂರಕ್ಕೆ ಐದು ಜಾಸ್ತಿಯಾದರೆ ಸಾಕು.

ಓಡಿ ಬಂದು ಬರೀ ಕಾಫಿ ಕುಡಿದು ಆಫೀಸಿಗೆ ಓಡುವವರು ತುಂಬ ಜನ. ಎರಡು ಮೊಟ್ಟೆಯೋ, ಕಡಲೆಕಾಳು ಉಸಲಿಯೋ, ಇಡ್ಲಿ ಜೊತೆ ಒಂದು ಬಟ್ಟಲು ಗಟ್ಟಿ ಸಾಂಬಾರೋ ತಿನ್ನಿ. ನಿದ್ದೆ ಎಷ್ಟು ಗಂಟೆ ಅಂತ ಬರೆದಿಲ್ಲ. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದರೆ ಮೇಲಿನ ಯಾವ ಸಲಹೆಯೂ ಕೆಲಸ ಮಾಡಲ್ಲ.

ತಣ್ಣೀರುಬಾವಿ:

ಕುಕ್ಕರಹಳ್ಳಿಯವರು ಕೊಟ್ಟ ನಂಬರ್‌ಗಳೆಲ್ಲ ಸರಿ, ಆದರೆ ಅವು ಬಯಲುಸೀಮೆಯ ತಂಪಿಗೆ. ನಮ್ಮ ಮಂಗಳೂರಲ್ಲಿ ಆ ಲೆಕ್ಕ ಹಿಡಿದರೆ ಸತ್ತೇ ಹೋಗುತ್ತೇವೆ. ಇಲ್ಲಿ ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಂಪಾಗಲ್ಲ, ಅದೇ ಶ್ರಮಕ್ಕೆ ವೇಗ ಇಳಿಯುತ್ತದೆ. ಉಸಿರು ನೋಡಿ ಓಡಿ, ವಾಚ್ ಮನೆಗೆ ಬಂದು ನೋಡಿ. ನಿಮಗೂ ಇದು ಬೇಕು, ಏಪ್ರಿಲ್ ಅಂದರೆ ಬೆಂಗಳೂರಿಗೂ ಬೇಸಿಗೆಯೇ ಅಲ್ವಾ?

ಇನ್ನೊಂದು, ಶಿನ್ ನೋವಿದ್ದಾಗ 800 ಮೀಟರ್ ಇಂಟರ್ವಲ್ ಬದಲು ಏರು ಒಳ್ಳೆಯದು. ನಾನು ಕದ್ರಿ ಗುಡ್ಡದ ರಸ್ತೆಯಲ್ಲಿ ಮಾಡುತ್ತೇನೆ. 30 ಸೆಕೆಂಡ್ ಜೋರಾಗಿ ಹತ್ತುವುದು, ನಡೆದುಕೊಂಡು ಇಳಿಯುವುದು. ಏರಿನಲ್ಲಿ ಪಾದ ನೆಲಕ್ಕೆ ಅಷ್ಟು ಬಲವಾಗಿ ಬಡಿಯಲ್ಲ, ಎದೆಗೆ ಮಾತ್ರ ಪೂರ್ತಿ ಕೆಲಸ.

ಪಶ್ಚಿಮ ಗೇಟ್:

ಎಲ್ಲರಿಗೂ ಥ್ಯಾಂಕ್ಸ್. ಒತ್ತಿ ನೋಡಿದೆ, ನೋವು ಹರಡಿಕೊಂಡೇ ಇದೆ, ಚುಕ್ಕಿಯಲ್ಲಿಲ್ಲ. ಶೂ ಪಕ್ಕದಲ್ಲಿ ಗೆರೆಗಳು ಧಾರಾಳವಾಗಿವೆ. ಬೆಳಿಗ್ಗೆ 7:30ರ ವೇಗದಲ್ಲಿ ಓಡಿದೆ, ವಾಕಿಂಗ್ ಬಂದಿದ್ದ ಒಬ್ಬ ಅಜ್ಜ ಏನಪ್ಪಾ ಹುಷಾರಿಲ್ವಾ ಅಂತ ಕೇಳಿದರು. ಗ್ರೂಪಿನವರು ಯಾರೂ ನಿಧಾನಕ್ಕೆ ಓಡಲ್ಲ, ಅದಕ್ಕೇನು ಮಾಡೋದು?

ಕುಕ್ಕರಹಳ್ಳಿ ದಂಡೆ:

ಆರಾಮಿನ ಮೂರು ದಿನ ಒಬ್ಬರೇ ಓಡಿ, ಜೋರಿನ ದಿನ ಮಾತ್ರ ಗ್ರೂಪಿಗೆ ಹೋಗಿ. ಅವರು ಆ ದಿನ ನಿಮಗೆ ಉಪಯೋಗಕ್ಕೆ ಬರುತ್ತಾರೆ. ಶಿನ್ ನೋವು ಪೂರ್ತಿ ಹೋಗುವ ತನಕ ಜೋರಿನ ದಿನವೂ ಬೇಡ, ಆಮೇಲೆ ಮೊದಲೆರಡು ವಾರ ತಣ್ಣೀರುಬಾವಿಯವರು ಹೇಳಿದ ಏರು ಮಾಡಿ. 800 ಮೀಟರ್ ಅದಾದ ಮೇಲೆ.