‘ಅಟೇಂಡರ್’ಗೆ ‘ಮುಟ್ಟುಗೋಲು’ ಹೊಂದುತ್ತದೆಯೇ?

ಪ್ರಶ್ನೆ: ಇಂಗ್ಲೆಂಡಿನ ಏಳನೇ ಹೆನ್ರಿ ಪಟ್ಟ ಕಸಿದುಕೊಂಡ ಮೊದಲ ವರ್ಷಗಳ ಬಗೆಗಿನ ಬರಹವೊಂದರಲ್ಲಿ ‘ಆಕ್ಟ್ ಆಫ್ ಅಟೇಂಡರ್’ ಎಂದು ಪದೇ ಪದೇ ಬರುತ್ತದೆ. ಹಾಗೇ ಉಳಿಸಿದರೆ ಓದುಗರಿಗೆ ಕಚೇರಿಯ ಅಟೆಂಡರ್ ನೆನಪಾಗುತ್ತಾನೆ. ‘ಮುಟ್ಟುಗೋಲು ಕಾಯ್ದೆ’ ಎನ್ನಬಹುದೇ?

ಉತ್ತರ: ಬೇಡ. ಮುಟ್ಟುಗೋಲು ಆಸ್ತಿಗೆ ಹಾಕುವುದು. ಅಟೇಂಡರ್ ಮನುಷ್ಯನಿಗೂ ಅವನ ಸಂತಾನಕ್ಕೂ ತಟ್ಟುವಂಥದ್ದು. ಪಾರ್ಲಿಮೆಂಟು ವಿಚಾರಣೆಯಿಲ್ಲದೆ, ಹೆಸರು ಹಿಡಿದು ಒಬ್ಬನನ್ನು ರಾಜದ್ರೋಹಿ ಎಂದು ಸಾರಿದರೆ ಜಮೀನು, ಬಿರುದು ಎರಡೂ ಹೋದವು. ‘ರಕ್ತ ಕೆಟ್ಟಿತು’ ಎಂಬುದು ಅಲ್ಲಿನ ಕಾನೂನಿನ ಮಾತು, ಮಕ್ಕಳಿಗೂ ಹಕ್ಕಿಲ್ಲ. ಸತ್ತವರನ್ನೂ ಬಿಡುತ್ತಿರಲಿಲ್ಲ: ಬಾಸ್ವರ್ತ್‌ನಲ್ಲಿ ಹೆನ್ರಿಯೊಡನೆ ಕಾದಿ ಮಡಿದ, ಆಗ ಪಟ್ಟದಲ್ಲಿದ್ದ ಮೂರನೇ ರಿಚರ್ಡನ ಹೆಸರೂ 1485ರ ಕಾಯ್ದೆಯಲ್ಲಿದೆ.

ಅದೇ ಕಾಯ್ದೆಯ ಒಂದು ತಾರೀಖಿನ ಬಗ್ಗೆ ಎಚ್ಚರ. ಕಾಳಗ ನಡೆದದ್ದು ಆಗಸ್ಟ್ 22ರಂದು. ಹೆನ್ರಿ ತನ್ನ ಆಳ್ವಿಕೆಯನ್ನು 21ರಿಂದ ಎಣಿಸಿದ. ಆ ಒಂದು ದಿನದ ಲೆಕ್ಕದಿಂದಲೇ ಕಾಳಗದ ದಿನ ಹೆನ್ರಿ ರಾಜನೆನಿಸಿದ, ಪಟ್ಟದಲ್ಲಿದ್ದ ರಿಚರ್ಡನ ಪರ ಕತ್ತಿ ಹಿಡಿದವರು ದ್ರೋಹಿಗಳಾದರು. ಅಚ್ಚಿನ ತಪ್ಪೆಂದು 22ಕ್ಕೆ ತಿದ್ದಿದರೆ ಇಡೀ ವಾದವೇ ಬಿದ್ದುಹೋಗುತ್ತದೆ.

ನನ್ನ ಸಲಹೆ ‘ದ್ರೋಹಿಘೋಷಣೆ’. ‘ದ್ರೋಹಶಾಸನ’ ಚಿಕ್ಕದು, ಆದರೆ ದ್ರೋಹ ಬಗೆಯುವ ಶಾಸನ ಎಂದೂ ಅರ್ಥವಾದೀತು. ಕಲ್ಲಿನ ಶಾಸನವೂ ಕಣ್ಣಮುಂದೆ ಬರುತ್ತದೆ. ‘ಗಡೀಪಾರು’ ಅಂತೂ ಬೇರೆಯೇ ಶಿಕ್ಷೆ.

ಈ ದ್ರೋಹಿಘೋಷಣೆಯನ್ನು ತೆಗೆದುಹಾಕುವುದಕ್ಕೆ ‘ಕ್ಷಮಾದಾನ’ ಎಂದು ಬರೆಯಬೇಡಿ. ಕ್ಷಮೆಯಿಂದ ತಲೆ ಉಳಿಯುತ್ತಿತ್ತು, ಜಮೀನು ಮರಳುತ್ತಿರಲಿಲ್ಲ. ಅದಕ್ಕೆ ಪಾರ್ಲಿಮೆಂಟೇ ಘೋಷಣೆಯನ್ನು ಹಿಂತೆಗೆಯಬೇಕು. ಹೆನ್ರಿಯ ಜಾಣತನವೆಲ್ಲ ಇದ್ದದ್ದು ಈ ಹಿಂತೆಗೆತದಲ್ಲಿ. ರಿಚರ್ಡನ ಪರ ಕಾದಿ ಸೆರೆಸಿಕ್ಕ ಸರ‍್ರೆಯ ಅರ್ಲ್ ಥಾಮಸ್ ಹೋವರ್ಡ್‌ಗೆ 1489ರಲ್ಲಿ ಅರ್ಲ್ ಪದವಿ ಮರಳಿತು. ಜಮೀನು ಮಾತ್ರ ಅವನ ಸೇವೆ ನೋಡಿಕೊಂಡು ಕಂತುಕಂತಾಗಿ ಬಂತು. ಅಪ್ಪನ ಡ್ಯೂಕ್ ಪದವಿಗೆ 1514ರವರೆಗೆ, ಅಂದರೆ ಎಂಟನೇ ಹೆನ್ರಿಯ ಕಾಲದವರೆಗೆ, ಕಾಯಬೇಕಾಯಿತು. ಎಲ್ಲರೂ ಹೀಗೆ ಕಾಯಲಿಲ್ಲ. ಅದೇ 1485ರಲ್ಲಿ ದ್ರೋಹಿ ಎನಿಸಿಕೊಂಡ, ರಿಚರ್ಡನ ಆಪ್ತ ಲವೆಲ್ 1486ರಲ್ಲಿ ಹೆನ್ರಿಯ ವಿರುದ್ಧ ದಂಗೆಯೆದ್ದ, 1487ರಲ್ಲಿ ಸ್ಟೋಕ್ ಕಾಳಗದಲ್ಲೂ ಎದುರು ನಿಂತ. ಎಲ್ಲವನ್ನೂ ಕಿತ್ತುಕೊಂಡ ಮೇಲೆ ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಹಾಗಾಗಿ ‘ದ್ರೋಹಿಘೋಷಣೆ’, ‘ಘೋಷಣೆಯ ಹಿಂತೆಗೆತ’, ‘ಹಕ್ಕಿನ ಮರುಸ್ಥಾಪನೆ’ ಮೂರನ್ನೂ ಬೇರೆಬೇರೆಯಾಗಿಯೇ ಇಡಿ. ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟರೆ ಮುಂದೆ ತೊಡಕಾಗದು. ‘ಮುಟ್ಟುಗೋಲು’ ಜಮೀನಿನ ಮಾತಷ್ಟೇ ಇರುವಲ್ಲಿ ಬರಲಿ.