ಹರಾಜಿಗೆ ಬಂದ ಜಾಗ್ವಾರ್ ಇ-ಟೈಪ್: ಚಾಸಿ ನಂಬರ್ 1ಇ32…, ಸ್ಟೀರಿಂಗ್ ಬಲಕ್ಕೆ. ಬಿಡ್ ಮಾಡಬಹುದಾ?

ಮಿಡ್‌ಲ್ಯಾಂಡ್ಸ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಮುಂದಿನ ತಿಂಗಳು ನಡೆಯುವ ಹರಾಜೊಂದರಲ್ಲಿ 1966ರ ಇ-ಟೈಪ್ ಸೀರೀಸ್ 1 ಕೂಪೆ ಇದೆ. ಎರಡು ಸೀಟಿನದು, 4.2 ಲೀಟರ್. ಅಂದಾಜು ಬೆಲೆ 60,000ದಿಂದ 70,000 ಪೌಂಡ್. ಕ್ಯಾಟಲಾಗ್‌ನಲ್ಲಿ "ಮ್ಯಾಚಿಂಗ್ ನಂಬರ್ಸ್ ಎಂದು ತಿಳಿದುಬಂದಿದೆ" (ಅಂದರೆ ಕಾರ್ಖಾನೆಯಲ್ಲಿ ಕೂರಿಸಿದ ಅದೇ ಎಂಜಿನ್, ಗೇರ್‌ಬಾಕ್ಸ್ ಇದೆ ಅಂತ), "1990ರ ದಶಕದಲ್ಲಿ ಪೂರ್ತಿ ರಿಸ್ಟೋರ್ ಆಗಿದೆ", "ಇತ್ತೀಚೆಗೆ ಹೆಚ್ಚು ಓಡಿಲ್ಲ" ಅಂತ ಬರೆದಿದ್ದಾರೆ. ಚಾಸಿ ನಂಬರ್ 1ಇ32 ಎಂದು ಶುರುವಾಗುತ್ತದೆ. ಫೋಟೋದಲ್ಲಿ ಸ್ಟೀರಿಂಗ್ ಬಲಕ್ಕಿದೆ.

ನನ್ನ ಪ್ರಶ್ನೆಗಳು:
1. ಈ ನಂಬರಿಗೂ ಬಲಗಡೆ ಸ್ಟೀರಿಂಗಿಗೂ ತಾಳೆ ಆಗುತ್ತದಾ?
2. ವ್ಯೂಯಿಂಗ್ ದಿನ (ಹರಾಜಿಗೆ ಮುಂಚೆ ಕಾರು ನೋಡಲು ಬಿಡುವ ದಿನ) ಜ್ಯಾಕ್ ಹಾಕಲು ಬಿಡುವುದಿಲ್ಲವಂತೆ, ಓಡಿಸಲೂ ಬಿಡುವುದಿಲ್ಲ. ಟಾರ್ಚ್ ಹಿಡಿದು ಒಂದು ಗಂಟೆಯಲ್ಲಿ ಏನೇನು ನೋಡಬಹುದು?
3. ಎಲ್ಲ ಸೇರಿ 85,000 ಪೌಂಡ್ ದಾಟಬಾರದು. ಹಾಗಾದರೆ ಎಷ್ಟರವರೆಗೆ ಕೈ ಎತ್ತಬಹುದು?

ಮೂರು_ಎಸ್‌ಯು

ಮೊದಲ ಪ್ರಶ್ನೆಗೆ ಉತ್ತರ: ತಾಳೆ ಆಗುವುದಿಲ್ಲ. 4.2 ಕೂಪೆಗಳಲ್ಲಿ ಬಲಗಡೆ ಸ್ಟೀರಿಂಗಿನವು 1ಇ20001ರಿಂದ, ಎಡಗಡೆಯವು 1ಇ30001ರಿಂದ ಶುರು. ಓಪನ್ ಕಾರುಗಳಾದರೆ ಬಲ 1ಇ1001, ಎಡ 1ಇ10001. ಅಂದರೆ ನಿಮ್ಮದು ಎಡಗಡೆ ಸ್ಟೀರಿಂಗಿನ ಕಾರಾಗಿ ಕಾರ್ಖಾನೆಯಿಂದ ಹೊರಬಿದ್ದದ್ದು. ಹೆಚ್ಚಿನಂಶ ಅಮೆರಿಕಕ್ಕೆ ಹೋಗಿ ಆಮೇಲೆ ಇಂಗ್ಲೆಂಡಿಗೆ ವಾಪಸ್ ಬಂದಿದೆ, ಇಲ್ಲಿ ಸ್ಟೀರಿಂಗ್ ಬದಲಾಗಿದೆ. ಇದು ಕಳ್ಳಮಾಲು ಅಂತ ಹೇಳುತ್ತಿಲ್ಲ. ಇಂಥ ಕಾರುಗಳು ಬೇಕಾದಷ್ಟಿವೆ. ಆದರೆ ಮೂಲತಃ ಬಲಗಡೆಯದೇ ಆಗಿದ್ದ ಕಾರಿನ ಬೆಲೆ ಇದಕ್ಕಿಲ್ಲ. ಕ್ಯಾಟಲಾಗ್ ಈ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ ಅನ್ನುವುದನ್ನು ಗಮನಿಸಿ.

"ಎಂದು ತಿಳಿದುಬಂದಿದೆ" ಅಂದರೆ ಮಾರುವವನು ಹೇಳಿದ್ದಾನೆ, ನಾವು ನೋಡಿಲ್ಲ ಅಂತ ಅರ್ಥ. ನೀವೇ ನೋಡಬೇಕು.

ಎಂಜಿನ್ ನಂಬರ್ ಬ್ಲಾಕಿನ ಬಲಗಡೆ, ಆಯಿಲ್ ಫಿಲ್ಟರಿನ ಮೇಲ್ಭಾಗದಲ್ಲಿ ಪಂಚ್ ಆಗಿರುತ್ತದೆ. 4.2ಕ್ಕೆ 7ಇ ಎಂದು ಶುರು, ಕೊನೆಯ -8 ಅಥವಾ -9 ಅನ್ನುವುದು ಕಂಪ್ರೆಷನ್ ರೇಷಿಯೋ. ಅದೇ ನಂಬರ್ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲೂ ಇರಬೇಕು. ಹೆಡ್ ಬೇರೆಯಾಗಿದ್ದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ, ಬ್ಲಾಕ್ ಬೇರೆಯಾಗಿದ್ದರೆ ಬೆಲೆಯ ಮಾತು ಬೇರೆ. ಗೇರ್‌ಬಾಕ್ಸ್ ನಂಬರ್ ಇಜೆ ಎಂದು ಶುರುವಾಗಬೇಕು. ಇಬಿ ಎಂದಿದ್ದರೆ ಅದು 3.8ರ ಹಳೆಯ ಮಾಸ್ ಬಾಕ್ಸ್, ಫಸ್ಟ್ ಗೇರಿಗೆ ಸಿಂಕ್ರೋ (ಗೇರ್ ಸದ್ದಿಲ್ಲದೆ ಕೂರಲು ನೆರವಾಗುವ ಭಾಗ) ಇಲ್ಲದ್ದು.

ಚಾಸಿ ನಂಬರ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಅದು ಪಂಚ್ ಆಗಿರುವುದು ಮುಂದಿನ ಚೌಕಾಕಾರದ ಫ್ರೇಮಿನ ಮೇಲೆ, ಬಲಗಡೆ ಡ್ಯಾಂಪರ್ ಮೌಂಟಿಂಗಿನ ಹತ್ತಿರ. ಇದನ್ನು "ಪಿಕ್ಚರ್ ಫ್ರೇಮ್" ಅನ್ನುತ್ತಾರೆ. ತಮಾಷೆ ಅಂದರೆ ಈ ಫ್ರೇಮ್ ಬೋಲ್ಟ್ ಹಾಕಿ ಕೂರಿಸಿದ್ದು, ಹೊಸದು ಅಂಗಡಿಯಲ್ಲಿ ಸಿಗುತ್ತದೆ. ತುಕ್ಕು ಹಿಡಿದು ಬದಲಿಸಿದ್ದರೆ ನಂಬರನ್ನೂ ಹೊಸದಾಗಿ ಹೊಡೆದಿರುತ್ತಾರೆ. ಹಾಗಾಗಿ ಅಕ್ಷರ ಸ್ವಲ್ಪ ಓರೆಕೋರೆಯಾಗಿದ್ದ ಮಾತ್ರಕ್ಕೆ ಮೋಸ ಎನ್ನಲಾಗದು, ಫ್ರೇಮ್ ಬದಲಿಸಿದ ಬಿಲ್ ಫೈಲಿನಲ್ಲಿ ಇದೆಯಾ ಕೇಳಿ. ಅನುಮಾನ ಪಡಬೇಕಾದದ್ದು ಹಳೆಯ ಫ್ರೇಮಿನ ಮೇಲೆ ಗ್ರೈಂಡರ್ ಗೆರೆ ಕಂಡು, ಅದರ ಮೇಲೆ ತೀಕ್ಷ್ಣವಾದ ಹೊಸ ಅಂಕಿ ಕೂತಿದ್ದರೆ.

ಬಲ್ಕ್‌ಹೆಡ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಪ್ಲೇಟ್ ಸಾಕ್ಷಿಗೆ ಬರುವುದಿಲ್ಲ. ಹೊಸದು ಮಾಡಿಸಿ ಯಾವ ನಂಬರ್ ಬೇಕಾದರೂ ಹೊಡೆಸಬಹುದು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿನ ಸರ್ಟಿಫಿಕೇಟ್ ಕೇಳಿ. ಕಾರ್ಖಾನೆಯ ದಾಖಲೆ ನೋಡಿ ಬರೆದದ್ದು ಅದು: ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ನಂಬರ್, ಮೂಲ ಬಣ್ಣ, ಒಳಗಿನ ಚರ್ಮದ ಬಣ್ಣ, ತಯಾರಾದ ದಿನ, ಯಾವ ಡಿಸ್ಟ್ರಿಬ್ಯೂಟರಿಗೆ ಕಳಿಸಿದರು, ಎಲ್ಲ ಇರುತ್ತದೆ. ಅದರ ಪ್ರತಿಯನ್ನು ಹರಾಜಿನವರಿಂದ ವ್ಯೂಯಿಂಗಿಗೆ ಮೊದಲೇ ತರಿಸಿಕೊಂಡು, ಕೈಯಲ್ಲಿ ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ.

ತುಕ್ಕು_ತಜ್ಞ

ನಂಬರ್ ಸರಿಯಿದ್ದರೂ ಬಾಡಿ ಕೊಳೆತಿದ್ದರೆ ಏನು ಬಂತು? ಈ ಕಾರಿನಲ್ಲಿ ಎಂಜಿನ್ ಖರ್ಚಿಗಿಂತ ಬಾಡಿ ಖರ್ಚೇ ಭಾರ. ಟಾರ್ಚ್, ಉದ್ದ ಹಿಡಿಯ ಕನ್ನಡಿ, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮಲಗಲು ಒಂದು ಹಳೆ ಚಾಪೆ ತೆಗೆದುಕೊಂಡು ಹೋಗಿ. ಅಯಸ್ಕಾಂತ ಮುಟ್ಟಿಸುವ ಮುಂಚೆ ಅಲ್ಲಿರುವವರನ್ನು ಕೇಳಿ, ಪೇಂಟಿಗೆ ಗೀರು ಬಿದ್ದರೆ ಜಗಳ.

ನೋಡುವ ಕ್ರಮ ಹೀಗಿರಲಿ.

ಬಾನೆಟ್ ಎತ್ತಿಸಿ. ಮಧ್ಯದ ತೊಟ್ಟಿ ಮಾನೊಕಾಕ್ (ಬೇರೆ ಚಾಸಿ ಇಲ್ಲದೆ ತಗಡಿನ ಬಾಡಿಯೇ ಭಾರ ಹೊರುವಂಥದ್ದು), ಅದರ ಮುಂದೆ ಚೌಕ ಕೊಳವೆಗಳ ಫ್ರೇಮ್ ಬೋಲ್ಟಿನಲ್ಲಿ ನಿಂತಿದೆ. ಎಂಜಿನ್, ಸಸ್ಪೆನ್ಷನ್, ಬಾನೆಟ್ ಎಲ್ಲದರ ಭಾರ ಅದರ ಮೇಲೆ. ಕೊಳವೆ ರೆನಾಲ್ಡ್ಸ್ 531, ಸೈಕಲ್ ಫ್ರೇಮಿಗೆ ಬಳಸುವ ತೆಳು ಉಕ್ಕು, ಬ್ರೇಜ್ ಮಾಡಿ ಜೋಡಿಸಿದ್ದು. ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಪೇಂಟ್ ಫಳಫಳ ಅನ್ನುತ್ತಿರುತ್ತದೆ. ಬಲಗಡೆ ಬ್ಯಾಟರಿಯ ಕೆಳಗಿನ ಕೊಳವೆಯನ್ನು ಮೊದಲು ನೋಡಿ, ಆಸಿಡ್ ಸೋರುವುದು ಅಲ್ಲಿಗೇ. ಆಮೇಲೆ ಬಲ್ಕ್‌ಹೆಡ್ಡಿಗೆ ಬೋಲ್ಟ್ ಹಾಕಿದ ಮೂಲೆಗಳು, ಟಾರ್ಷನ್ ಬಾರ್ (ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹಿಡಿದ ರಿಯಾಕ್ಷನ್ ಪ್ಲೇಟ್. ಕೀಲುಗಳ ಸುತ್ತ ಕೂದಲೆಳೆಯ ಬಿರುಕು ಇದೆಯಾ ನೋಡಿ. ಯಾರಾದರೂ ಈ ಫ್ರೇಮಿಗೆ ಸಾದಾ ವೆಲ್ಡಿಂಗ್ ಮಾಡಿ ತೇಪೆ ಹಾಕಿದ್ದರೆ ಅದನ್ನು ರಿಪೇರಿ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಆ ಶಾಖಕ್ಕೆ ತೆಳು ಕೊಳವೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅಂಥ ಫ್ರೇಮನ್ನು ಬದಲಿಸಲೇಬೇಕು, ಬದಲಿಸಲು ಎಂಜಿನ್ ಇಳಿಸಬೇಕು.

ನಂತರ ಸಿಲ್, ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ. 1990ರ ದಶಕದ ರಿಸ್ಟೋರೇಷನ್ ಅಂದರಲ್ಲ, ಅದರ ಬಂಡವಾಳ ಇಲ್ಲಿ ಗೊತ್ತಾಗುತ್ತದೆ. ಚಾಪೆ ಹಾಸಿ ಮಲಗಿ ಸಿಲ್ಲಿನ ಕೆಳ ಅಂಚು ನೋಡಿ. ಕಾರ್ಖಾನೆಯ ಫ್ಲ್ಯಾಂಜಿನಲ್ಲಿ ಸ್ಪಾಟ್ ವೆಲ್ಡಿನ ಸಣ್ಣ ಗುಂಡಿಗಳು ಸಾಲಾಗಿ ಕಾಣುತ್ತವೆ. ಉದ್ದಕ್ಕೂ ಹುಳು ಹರಿದ ಹಾಗೆ ವೆಲ್ಡಿಂಗ್ ಇದ್ದರೆ, ಅಥವಾ ಅಂಚಿನಲ್ಲಿ ಮೂರು ಪದರ ತಗಡು ಕಂಡರೆ, ಕೊಳೆತದ್ದರ ಮೇಲೆ ಹೊಸ ಸಿಲ್ ಮುಚ್ಚಿದ್ದಾರೆ. ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆಯಾ, ಅಥವಾ ಎರಡು ಕಡೆ ಬೇರೆಬೇರೆಯಾಗಿದೆಯಾ ನೋಡಿ. ಬಾಗಿಲಿನ ಚೌಕಟ್ಟಿಗೆ ಆಸರೆ ಕೊಡದೆ ಸಿಲ್ ಕತ್ತರಿಸಿದರೆ ತೊಟ್ಟಿ ಮಧ್ಯದಲ್ಲಿ ಕುಗ್ಗುತ್ತದೆ, ಆಮೇಲೆ ಬಾಗಿಲನ್ನು ಎಷ್ಟು ಅಡ್ಜಸ್ಟ್ ಮಾಡಿದರೂ ಕೂರುವುದಿಲ್ಲ. ಕೂರಿಸಲು ಪುಟ್ಟಿ ಮೆತ್ತುತ್ತಾರೆ. ಸಿಲ್ಲಿನ ಹಿಂತುದಿಯಲ್ಲಿ, ಹಿಂದಿನ ರೆಕ್ಕೆ ಸೇರುವ ಕಡೆ ಅಯಸ್ಕಾಂತ ಹಿಡಿಯದಿದ್ದರೆ ಒಂದೇ ಏಟಿಗೆ ಪುಟ್ಟಿ ಅನ್ನಬೇಡಿ, ಕಾರ್ಖಾನೆಯವರೇ ಆ ಜೋಡಣೆಗೆ ಸೀಸ ತುಂಬುತ್ತಿದ್ದರು. ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಹಿಂದಿನ ಬಂಪರಿನ ಕೆಳಗೆ ಹಿಡಿಯದಿದ್ದರೆ ಅದು ಪುಟ್ಟಿಯೇ.

ಹಿಂಬದಿ ನೆಲದಲ್ಲಿ ರೇಡಿಯಸ್ ಆರ್ಮ್ (ಹಿಂದಿನ ಸಸ್ಪೆನ್ಷನ್ ಹಿಂದೆಮುಂದೆ ಸರಿಯದಂತೆ ಹಿಡಿಯುವ ತೋಳು) ಸಿಕ್ಕಿಸಿದ ಬಟ್ಟಲಿನಂಥ ಮೌಂಟಿಂಗ್ ಇದೆ, ಕನ್ನಡಿ ಹಿಡಿದು ನೋಡಿ. ಅಲ್ಲಿ ತುಕ್ಕಿದ್ದರೆ ಆಕ್ಸೆಲರೇಟರ್ ಒತ್ತಿದಾಗಲೆಲ್ಲ ಹಿಂಬದಿ ತಿರುಚುತ್ತದೆ.

ಬಾನೆಟ್ಟಿನ ಸಂದು ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಹೆದರಬೇಡಿ, ಹಿಂಜಿನಲ್ಲಿ ಶಿಮ್ ಹಾಕಿ ಸರಿ ಮಾಡಬಹುದು. ಒಂದೇ ಮೂಲೆ ಉಜ್ಜಿ ಪೇಂಟ್ ಹೋಗಿದ್ದರೆ ಮಾತ್ರ ಫ್ರೇಮ್ ಓರೆಯಾಗಿದೆಯೇನೋ ಅಂತ ಮತ್ತೆ ಹೋಗಿ ನೋಡಿ. ಬಾನೆಟ್ಟೇ ಹೊಸದು ಬೇಕಾದರೆ ಜೇಬು ಹರಿಯುತ್ತದೆ.

ಮಿಡ್‌ಲ್ಯಾಂಡ್ಸ್_ಕನ್ನಡಿಗ

ಇಬ್ಬರಿಗೂ ಧನ್ಯವಾದ. ಸರ್ಟಿಫಿಕೇಟ್ ಕೇಳಿ ಮೇಲ್ ಹಾಕಿದ್ದೆ, ಪ್ರತಿ ಬಂತು. ಎಂಜಿನ್ ನಂಬರ್ ಕ್ಯಾಟಲಾಗಿಗೆ ಹೊಂದುತ್ತದೆ. ಕಳಿಸಿದ್ದು ನ್ಯೂಯಾರ್ಕಿಗೆ. ಸ್ಟೀರಿಂಗ್ ಬದಲಿಸಿದ ಕೆಲಸ ಚೆನ್ನಾಗಿದೆಯಾ ಇಲ್ಲವಾ ಅಂತ ಹೇಗೆ ತಿಳಿಯುವುದು? ಮತ್ತೆ, ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರಂತೆ, ಹತ್ತು ನಿಮಿಷ.

ಮೂರು_ಎಸ್‌ಯು

ಹತ್ತು ನಿಮಿಷ ಸಿಕ್ಕಿದ್ದೇ ಅದೃಷ್ಟ. ಬೆಳಿಗ್ಗೆ ಮೊದಲ ಸ್ಟಾರ್ಟೇ ಆಗಬೇಕು ಅಂತ ಹೇಳಿ. ಬಾನೆಟ್ ಮುಟ್ಟಿ ನೋಡಿದಾಗ ಬಿಸಿ ಇದ್ದರೆ ಯಾರೋ ಮೊದಲೇ ಕಾಯಿಸಿದ್ದಾರೆ.

ಆಯಿಲ್ ಪ್ರೆಷರ್ ತಣ್ಣಗಿದ್ದಾಗ ಎಲ್ಲ ಎಂಜಿನ್ನಿಗೂ ಚೆನ್ನಾಗಿಯೇ ಇರುತ್ತದೆ. ಬಿಸಿಯಾದ ಮೇಲೆ 3,000 ಆರ್‌ಪಿಎಂನಲ್ಲಿ 40 ಪಿಎಸ್‌ಐ ಆಸುಪಾಸು ಬೇಕು. ಕಡಿಮೆ ತೋರಿಸಿದರೆ ಕೂಡಲೇ ಬೇರಿಂಗ್ ಹೋಗಿದೆ ಅನ್ನಬೇಡಿ, ಈ ಕಾರಿನಲ್ಲಿ ಪ್ರೆಷರ್ ಅಳೆದು ಗೇಜಿಗೆ ತಿಳಿಸುವ ಎಲೆಕ್ಟ್ರಿಕ್ ಸೆಂಡರ್ ಸುಳ್ಳು ಹೇಳುವುದರಲ್ಲಿ ಹೆಸರುವಾಸಿ. ಆದರೆ ಮೆಕ್ಯಾನಿಕಲ್ ಗೇಜ್ ಹಾಕಿ ಪರೀಕ್ಷಿಸಲು ಅಲ್ಲಿ ಬಿಡುವುದಿಲ್ಲ. ಆದ್ದರಿಂದ ಬಿಡ್ ಲೆಕ್ಕ ಹಾಕುವಾಗ ಅದನ್ನು ನಿಜವಾದ ದೋಷ ಅಂತಲೇ ಹಿಡಿಯಿರಿ. ಟ್ಯಾಪೆಟ್‌ನ ಸಣ್ಣ ಟಿಕ್ ಟಿಕ್ ಇರಲಿ, ಅದು ಆರೋಗ್ಯದ ಲಕ್ಷಣ. ಇನ್ಲೆಟ್ 0.004, ಎಕ್ಸಾಸ್ಟ್ 0.006 ಇಂಚು ಕ್ಲಿಯರೆನ್ಸ್ ಇರುವ ಎಂಜಿನ್ ಪೂರ್ತಿ ಮೌನವಾಗಿರುವುದಿಲ್ಲ. ಮುಂಭಾಗದಲ್ಲಿ ಗರಗರ ಶಬ್ದ ಬಂದರೆ ಟೈಮಿಂಗ್ ಚೈನ್. ಹಿಂಭಾಗದಲ್ಲಿ, ಬೆಲ್ ಹೌಸಿಂಗ್ ಕೆಳಗೆ ಆಯಿಲ್ ಹನಿ ಇದ್ದರೆ ಹಗ್ಗದಂಥ ಹಿಂದಿನ ಮುಖ್ಯ ಸೀಲ್. ಒಂದೆರಡು ಹನಿ ಸಹಜ, ಕೊಳವಾಗಿದ್ದರೆ ಎಂಜಿನ್ ಇಳಿಸಬೇಕು.

ಕ್ಲಚ್ ಜಾರುತ್ತದಾ ಅಂತ ನಿಂತಲ್ಲೇ ಗೊತ್ತಾಗುವುದಿಲ್ಲ. ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇ-ಟೈಪಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತಬೇಕು.

ಸ್ಟೀರಿಂಗ್ ಬದಲಾವಣೆಯ ಬಗ್ಗೆ: ವೈಪರ್ ಹಾಕಿಸಿ, ಮೂರೂ ಯಾವ ಕಡೆ ಮಲಗುತ್ತವೆ, ಚಾಲಕನ ಮುಂದಿನ ಗಾಜು ಪೂರ್ತಿ ಒರೆಸುತ್ತವಾ ನೋಡಿ. ಅಗ್ಗದ ಕೆಲಸದಲ್ಲಿ ವೈಪರ್ ಹಾಗೇ ಬಿಟ್ಟಿರುತ್ತಾರೆ. ಹೆಡ್‌ಲೈಟ್ ಡಿಪ್ ಮಾಡಿಸಿ, ಬೆಳಕು ಎಡಕ್ಕೆ ಬೀಳಬೇಕು. ಪೆಡಲ್ ಬಾಕ್ಸ್ ಹೊಸದಾಗಿ ಕೂರಿಸಿದ ಕಡೆ ಬಲ್ಕ್‌ಹೆಡ್ ತಗಡು ಬಾಗಿದೆಯಾ ನೋಡಿ, ಬ್ರೇಕ್ ಪೆಡಲನ್ನು ಜೋರಾಗಿ ಒತ್ತಿದಾಗ ಅಲ್ಲಿ ಅಲುಗಾಟ ಕಂಡರೆ ಆ ಕಾರಿನಿಂದ ದೂರ ಇರಿ.

ಇನ್ನೊಂದು, ಅಮೆರಿಕಕ್ಕೆ ಹೋದ 4.2ಗಳಿಗೆ ಸಾಮಾನ್ಯವಾಗಿ 3.54 ಅನುಪಾತದ ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಇಂಗ್ಲೆಂಡಿನವಕ್ಕೆ 3.07. ಡಿಫರೆನ್ಷಿಯಲ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ಟ್ಯಾಗ್ ಇರುತ್ತದೆ. 46/13 ಅಂತಿದ್ದರೆ 3.54, 43/14 ಅಂತಿದ್ದರೆ 3.07. 3.54 ಇರುವ ಕಾರು ಎಳೆತದಲ್ಲಿ ಚುರುಕು, ಆದರೆ ಮೋಟರ್‌ವೇನಲ್ಲಿ ಎಂಜಿನ್ ಅರಚುತ್ತದೆ. ಬದಲಿಸಿದ್ದರೆ ಒಳ್ಳೆಯದೇ, ಸ್ಪೀಡೋಮೀಟರನ್ನೂ ಅದಕ್ಕೆ ಹೊಂದಿಸಿದ್ದಾರಾ ಕೇಳಿ.

ಟ್ಯಾಗ್ ನೋಡಲು ಕೆಳಗೆ ಹೋದಾಗ ಹಿಂದಿನ ಬ್ರೇಕ್ ಡಿಸ್ಕಿನ ಮೇಲೂ ಬೆಳಕು ಬಿಡಿ. ಡಿಸ್ಕ್‌ಗಳು ಚಕ್ರದಲ್ಲಿಲ್ಲ, ಡಿಫರೆನ್ಷಿಯಲ್ಲಿನ ಎರಡೂ ಪಕ್ಕದಲ್ಲಿವೆ. ಬ್ರೇಕಿನ ಬಿಸಿಗೆ ಔಟ್‌ಪುಟ್ ಸೀಲ್ ಬೆಂದು ಆಯಿಲ್ ನೇರ ಡಿಸ್ಕಿಗೆ ಸಿಡಿಯುತ್ತದೆ. ಒದ್ದೆ ಕಂಡರೆ ಇಡೀ ಹಿಂಬದಿ ಸಸ್ಪೆನ್ಷನ್ ಕೇಜ್ ಇಳಿಸುವ ಕೆಲಸ.

ಸುತ್ತಿಗೆ_ಬೀಳುವ_ಮುನ್ನ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ.

ಅಂದಾಜು ಬೆಲೆ ಅಂದರೆ ಹ್ಯಾಮರ್ ಪ್ರೈಸ್ (ಸುತ್ತಿಗೆ ಬಿದ್ದಾಗಿನ ಬಿಡ್) ಮಾತ್ರ. ಅದರ ಮೇಲೆ ಬಯರ್ಸ್ ಪ್ರೀಮಿಯಂ (ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಕಮಿಷನ್), ಪ್ರೀಮಿಯಂ ಮೇಲೆ 20% ವ್ಯಾಟ್. ಪ್ರೀಮಿಯಂ ಒಂದೊಂದು ಸಂಸ್ಥೆಯಲ್ಲಿ ಒಂದೊಂದು, ಷರತ್ತಿನ ಪುಟದಲ್ಲಿರುತ್ತದೆ. 15% ಅಂತಿಟ್ಟುಕೊಳ್ಳಿ, ವ್ಯಾಟ್ ಸೇರಿ 18% ಆಯಿತು. ಈಗ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ: 85,000ದಲ್ಲಿ ಮೊದಲ ವರ್ಷದ ರಿಪೇರಿಗೆ 12,000 ಪಕ್ಕಕ್ಕಿಡಿ, ಸಾಗಾಟ ಮತ್ತು ವಿಮೆಗೆ 1,500. ಉಳಿದದ್ದು 71,500. ಅದನ್ನು 1.18ರಿಂದ ಭಾಗಿಸಿದರೆ 60,593. ಅಂದರೆ ನಿಮ್ಮ ಕೊನೆಯ ಬಿಡ್ 60,000. ಅದಕ್ಕೆ 9,000 ಪ್ರೀಮಿಯಂ, 1,800 ವ್ಯಾಟ್, ಒಟ್ಟು 70,800. ಅಂದಾಜಿನ ಕೆಳ ಅಂಚಿಗೇ ನಿಮ್ಮ ಕೈ ಇಳಿಯಬೇಕು. 12,000 ಜಾಸ್ತಿ ಆಯಿತು ಅನ್ನಿಸಿದರೆ ತುಕ್ಕು ತಜ್ಞರು ಬರೆದದ್ದನ್ನು ಮತ್ತೊಮ್ಮೆ ಓದಿ.

ಲಾಟ್ ನಂಬರಿನ ಪಕ್ಕ ಯಾವುದಾದರೂ ಚಿಹ್ನೆ ಇದೆಯಾ ನೋಡಿ. ಹೊರದೇಶದಿಂದ ತಾತ್ಕಾಲಿಕವಾಗಿ ತಂದ ಕಾರಾದರೆ ಹ್ಯಾಮರ್ ಪ್ರೈಸ್ ಮೇಲೆ ಇಂಪೋರ್ಟ್ ವ್ಯಾಟ್ ಬೀಳುತ್ತದೆ. 30 ವರ್ಷ ದಾಟಿ, ಮೂಲ ಸ್ಥಿತಿಯಲ್ಲಿರುವ ಐತಿಹಾಸಿಕ ಕಾರಿಗೆ 5%, ಕಸ್ಟಮ್ಸ್ ಸುಂಕ ಇಲ್ಲ. ಇಲ್ಲಿಯ ನೋಂದಣಿ ಆಗಲೇ ಇದ್ದರೆ ಈ ತಲೆನೋವಿಲ್ಲ.

ನೋಂದಣಿ ಪುಸ್ತಕ ವಿ5ಸಿ ಇದ್ದ ಮಾತ್ರಕ್ಕೆ ಮಾಲೀಕ ಅಂತಲ್ಲ, ಅದರ ಮೇಲೇ ಹಾಗೆ ಬರೆದಿದೆ. ಸಾಲ ಬಾಕಿ ಇದೆಯಾ ಅಂತ ಪ್ರತ್ಯೇಕವಾಗಿ ಚೆಕ್ ಮಾಡಿಸಿ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ದೊಡ್ಡ ಮಾರ್ಪಾಡು ಆಗಿರದಿದ್ದರೆ ಎಂಒಟಿ ಪರೀಕ್ಷೆಯೂ (ಕಾರು ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆ) ಕಡ್ಡಾಯವಲ್ಲ. ಹಾಗಾಗಿ "ಎಂಒಟಿ ವಿನಾಯಿತಿ" ಅನ್ನುವುದನ್ನು ಗುಣ ಅಂತ ಓದಬೇಡಿ. ಸರ್ಕಾರದ ವೆಬ್‌ಸೈಟಿನಲ್ಲಿ ನೋಂದಣಿ ನಂಬರ್ ಹಾಕಿದರೆ ಹಳೆಯ ಪರೀಕ್ಷೆಗಳ ಫಲಿತಾಂಶ ಉಚಿತವಾಗಿ ಸಿಗುತ್ತದೆ: ಎಷ್ಟು ಮೈಲಿ ಓಡಿತ್ತು, ಯಾವುದಕ್ಕೆ ಫೇಲ್ ಆಯಿತು, ಎಲ್ಲಿ ತುಕ್ಕು ಅಂತ ಎಚ್ಚರಿಕೆ ಬರೆದರು. "ಹೆಚ್ಚು ಓಡಿಲ್ಲ" ಅನ್ನುವುದು ನಿಜವಾ ಅಂತ ಅಲ್ಲೇ ತಿಳಿಯುತ್ತದೆ.

ಹರಾಜಿನ ಕೋಣೆಯಲ್ಲಿ ಒಂದು ವಿಷಯ ನೆನಪಿರಲಿ. ರಿಸರ್ವ್ ಬೆಲೆ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅಂತ ಮಾರುವವನು ಗೊತ್ತುಮಾಡಿದ್ದು) ಮುಟ್ಟುವವರೆಗೆ ಹರಾಜು ಕೂಗುವವನು ಮಾರುವವನ ಪರವಾಗಿ ತಾನೇ ಬಿಡ್ ಏರಿಸಬಹುದು, ಷರತ್ತಿನಲ್ಲೇ ಅದಕ್ಕೆ ಅವಕಾಶವಿದೆ. ನಿಮ್ಮ ಎದುರಾಳಿ ಗೋಡೆಯೂ ಆಗಿರಬಹುದು ಅನ್ನಿ. ಸುತ್ತಿಗೆ ಬಿದ್ದ ಕ್ಷಣದಿಂದ ಕಾರಿನ ಹೊಣೆ ಸಾಮಾನ್ಯವಾಗಿ ನಿಮ್ಮದು. ವಿಮೆಯವರ ಹತ್ತಿರ ಹಿಂದಿನ ದಿನವೇ ಮಾತಾಡಿ, ಒಪ್ಪಿದ ಮೌಲ್ಯದ ಪಾಲಿಸಿ (ಕಾರು ಪೂರ್ತಿ ಹಾಳಾದರೆ ಮೊದಲೇ ಒಪ್ಪಿದ ಮೊತ್ತ ಕೊಡುವಂಥದ್ದು) ಕೇಳಿ.

ತುಕ್ಕು_ತಜ್ಞ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. 60,000ಕ್ಕೆ ನೀವು ನಿಂತು, ರಿಸರ್ವ್ ಮುಟ್ಟದೆ ಕಾರು ಮಾರಾಟವಾಗದೆ ಉಳಿದರೆ ಎದ್ದು ಮನೆಗೆ ಹೋಗಬೇಡಿ. ಕೌಂಟರಿನಲ್ಲಿ ನಿಮ್ಮ ಬೆಲೆ ಬರೆದುಕೊಟ್ಟು ಬನ್ನಿ. ಕಾರು ವಾಪಸ್ ಸಾಗಿಸುವ ಖರ್ಚು ನೆನೆದು ಮಾರುವವರು ಸಂಜೆ ಹೊತ್ತಿಗೆ ಮೆತ್ತಗಾಗುವುದುಂಟು.

ಮಿಡ್‌ಲ್ಯಾಂಡ್ಸ್_ಕನ್ನಡಿಗ

ಎಂಒಟಿ ಇತಿಹಾಸ ತೆಗೆದು ನೋಡಿದೆ. ಕೊನೆಯ ಪರೀಕ್ಷೆ 2017, ಅದರಲ್ಲಿ "ಹಿಂದಿನ ಡಿಸ್ಕಿನ ಮೇಲೆ ಆಯಿಲ್" ಅಂತ ಎಚ್ಚರಿಕೆ ಇದೆ. ಅದಾದ ಮೇಲೆ ಕೇಜ್ ಇಳಿಸಿದ ಬಿಲ್ ಫೈಲಿನಲ್ಲಿದೆಯಾ ಅಂತ ಹರಾಜಿನವರನ್ನು ಕೇಳಿದ್ದೇನೆ.

ಮೂರು_ಎಸ್‌ಯು

ಬಿಲ್ ಬಂದರೆ ಸೀಲ್ ಜೊತೆ ಔಟ್‌ಪುಟ್ ಬೇರಿಂಗ್ ಕೂಡ ಹಾಕಿದ್ದಾರಾ ನೋಡಿ. ಬರೀ ಸೀಲ್ ಬದಲಿಸಿದ್ದರೆ, ಸವೆದ ಬೇರಿಂಗಿನ ಆಟಕ್ಕೆ ಹೊಸ ಸೀಲೂ ಬೇಗ ಸೋರುತ್ತದೆ.