ಗಂಟಲ ಕ್ಯಾನ್ಸರ್: ರೇಡಿಯೇಶನ್ ಸುರು ಆಗೂತನಕ ನೋವು ಹೆಂಗ ತಡಿಯೂದು?

ಮುಧೋಳ (ಕೇಳಿದವರು): ಅಪ್ಪಾರಿಗೆ 62 ವರ್ಷ, ತೂಕ 46 ಕೆಜಿ. ಬಯಾಪ್ಸಿ ಬಂದೈತಿ, ರೇಡಿಯೇಶನ್‌ಗೆ ಮೂರು ವಾರ ಬಿಟ್ಟು ತಾರೀಖು ಕೊಟ್ಟಾರ. ನೋವಿನ ಗುಳಿಗಿ ಟ್ರಮಡಾಲ್ 50 ಎಂಜಿ ಮುಂಜಾನೆ ಒಂದು, ರಾತ್ರಿ ಒಂದು ನಡದೈತಿ. ಬಲಗಿವಿ ಸಿಡೀತೈತಿ, ಉಗುಳು ನುಂಗಾಕೂ ಆಗವಲ್ದು. ಅನುಭವ ಇದ್ದವ್ರು ಹೇಳ್ರಿ.

ಗೋಕಾಕ: ಎರಡ ಹೊತ್ತು ಅನ್ನೂದ ತಪ್ಪು. ಆ ಗುಳಿಗಿ ಕೆಲಸ ಸುಮಾರು 6 ತಾಸು. 8ಕ್ಕ 8ಕ್ಕ ಕೊಟ್ರ ನಡುವ ಆರಾರು ತಾಸು ಮನಶ್ಯಾ ಬರೇ ನೋವಿನ ಕೈಯಾಗ. ನೋವು ಏಳೂಕಿಂತ ಮೊದಲ, ಗಡಿಯಾರ ನೋಡಿ ಕೊಡಬೇಕು. ಡಾಕ್ಟರಿಗೆ ಇದನ್ನ ಕೇಳ್ರಿ. ದಿನಕ್ಕ 400 ಎಂಜಿ ದಾಟಿದ್ರ ಫಿಟ್ಸ್ ಬರಬಹುದು. 46 ಕೆಜಿ, ಊಟ ಇಲ್ಲ ಅಂದ್ರ ಪ್ಯಾರಾಸಿಟಮಾಲ್ ದಿನಕ್ಕ 2 ಗ್ರಾಂ ಒಳಗ ಇಡ್ರಿ, ಲಿವರ್ ತಡಿಯೂದಿಲ್ಲ. ಟ್ರಮಡಾಲ್ ಜೋಡಿ ಬರೂ ಗುಳಿಗ್ಯಾಗ 325 ಎಂಜಿ ಇರ್ತೈತಿ, ಅದನ್ನೂ ಲೆಕ್ಕಕ್ಕ ಹಿಡೀರಿ. ಕಿವಿಗೆ ಎಣ್ಣಿ ಬಿಡಬ್ಯಾಡ್ರಿ. ಗಂಟಲಿಗೂ ಕಿವಿಗೂ ನರ ಒಂದ, ನೋವು ಅಲ್ಲಿಂದ ಬರ್ತೈತಿ.

ವಿಜಯಪುರ: ನೋವು ಟ್ರಮಡಾಲ್‌ಗೆ ಬಗ್ಗಲಿಲ್ಲ ಅಂದ್ರ ಅದಕ್ಕಿಂತ ಜೋರಿನ ಔಷಧ ಮಾರ್ಫಿನ್‌ಗೆ ಹೋಗ್ರಿ, ವಾರಗಟ್ಟಲೆ ಕಾಯೋದು ಯಾಕ? ಅಶಕ್ತರಿಗೆ 2.5 ಇಲ್ಲಾ 5 ಎಂಜಿಯಿಂದ ಸುರು ಮಾಡ್ತಾರ. ಮುಂಜಾನೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಡಾಕ್ಟರ್ ಒಪ್ಪಿದ್ರ ರಾತ್ರಿದು ಎರಡುಪಟ್ಟು, ನಡುರಾತ್ರಿ ಎಬ್ಬಿಸೋದು ತಪ್ತದ. ನಡುವ ನೋವು ಎದ್ರ ಅಷ್ಟೇ ಡೋಸ್ ಹೆಚ್ಚಿಗೆ ಒಂದು, ಅದನ್ನ ವಹಿಯಾಗ ಬರೀರಿ, ಮುಂದಿನ ಡೋಸ್ ಎಷ್ಟು ಅಂತ ಡಾಕ್ಟರ್ ಅದರ ಮ್ಯಾಲೆ ಲೆಕ್ಕ ಹಾಕ್ತಾರ. ಮೊದಲನೇ ದಿನದಿಂದ ಮಲಬದ್ಧತೆಗೆ ಬಿಸಾಕೊಡಿಲ್ ಬೇಕೇ ಬೇಕು. ಇಸಬಗೋಲ್ ಬ್ಯಾಡ್ರಿ, ನೀರು ಕುಡಿಯಲಾರದವ್ರ ಹೊಟ್ಟ್ಯಾಗ ಅದು ಗಟ್ಟಿಯಾಗಿ ಕೂಡ್ತದ. ಎರಡು ಮೂರು ದಿನ ಮಂಪರು, ವಾಂತಿ ಸಹಜ. ಎಬ್ಬಿಸಿದ್ರೂ ಏಳಲಿಲ್ಲ, ಉಸಿರು ನಿಧಾನ ಆಯ್ತು ಅಂದ್ರ ಮುಂದಿನ ಡೋಸ್ ಬ್ಯಾಡ, ಸೀದಾ ದವಾಖಾನಿ. ಮಾರ್ಫಿನ್ ಎಲ್ಲಾ ಮೆಡಿಕಲ್ ಅಂಗಡಿಯಾಗ ಸಿಗಂಗಿಲ್ಲ. ಮಾದಕ ವಸ್ತು ಕಾನೂನಿನ 2014ರ ತಿದ್ದುಪಡಿ ಮ್ಯಾಲೆ ಮಾನ್ಯತೆ ಪಡೆದ ದವಾಖಾನಿಯಾಗ ಇಡಬಹುದು, ಪ್ಯಾಲಿಯೇಟಿವ್ (ನೋವು ಕಡಿಮಿ ಮಾಡಿ ಆರೈಕಿ ಮಾಡೋ) ವಿಭಾಗ ಎಲ್ಲಿ ಅದ ಅಂತ ಕೇಳ್ರಿ. "ಚಟ ಹತ್ತತದ" ಅನ್ನವ್ರ ಮಾತು ಕೇಳಿ ಮುದುಕ್ರನ್ನ ನರಳಿಸಬ್ಯಾಡ್ರಿ.

ಅಥಣಿ: ಉಗುಳು ನುಂಗಾಕಾಗದವ್ರಿಗೆ ದಿನಾ ಐದ ಸಲ ಗುಳಿಗಿ! ಫೆಂಟನಿಲ್ ಪ್ಯಾಚ್ (ಚರ್ಮಕ್ಕ ಅಂಟಿಸೂ ನೋವಿನ ಔಷಧದ ಪಟ್ಟಿ) ಹಚ್ಚಸ್ರಿ, 72 ತಾಸು ಚಿಂತಿಲ್ಲ. ನಾವು ಅದನ್ನ ಹಚ್ಚಿಸಿದ್ವಿ, ಇವತ್ತೂ ಅದನ್ನ ಹೇಳ್ತೀನಿ.

ವಿಜಯಪುರ: ಅಣ್ಣಾರ, ತಿಳೀಲಾರದ್ದು ಹೇಳಬ್ಯಾಡ್ರಿ. 25ರ (ತಾಸಿಗೆ 25 ಮೈಕ್ರೋಗ್ರಾಂ) ಪ್ಯಾಚ್ ಅಂದ್ರ ದಿನಕ್ಕ ಕಡಿಮಿ ಅಂದ್ರೂ 60 ಎಂಜಿ ಮಾರ್ಫಿನ್‌ಗೆ ಸಮ. ಬರೇ ಟ್ರಮಡಾಲ್ ಮ್ಯಾಲೆ ಇದ್ದವ್ರಿಗೆ ಒಮ್ಮಿಗೇ ಹಚ್ಚಿದ್ರ ಉಸಿರಿಗೆ ಕುತ್ತು. ಹಚ್ಚಿ 12 ತಾಸಿನ ತನಕ ಪೂರ್ತಿ ಹತ್ತಂಗೂ ಇಲ್ಲ. ನಮ್ಮ ಬ್ಯಾಸಿಗಿ ಬಿಸಲಾಗ, ಜ್ವರದಾಗ, ಬಿಸಿನೀರಿನ ಶಾಖಕ್ಕ ಔಷಧ ಜಾಸ್ತಿ ಇಳೀತದ. ತಿಂಗಳಿಗೆ 10 ಬೇಕು, ಮಾರ್ಫಿನ್ ಗುಳಿಗಿಕಿಂತ ಎಷ್ಟೋ ತುಟ್ಟಿ.

ಅಥಣಿ: ತುಟ್ಟಿ ಆದ್ರ ನಮ್ಮ ರೊಕ್ಕ! ಡೋಸ್ ಸರಿ ನೋಡೇ ಬರಕೊಟ್ಟಿದ್ರು.

ಜಮಖಂಡಿ: ಇಬ್ರೂ ಹೊಟ್ಟಿ ಮರ್ತೀರಿ. ಮೂಗಿನಿಂದ ಹೊಟ್ಟಿಗೆ ಹೋಗೂ ಊಟದ ನಳಿಗಿ ಹಾಕಸ್ರಿ, ಔಷಧಕ್ಕೂ ದಾರಿ ಆಗ್ತೈತಿ. ತಲಿ ಎತ್ತರಿಸಿ ಕುಂಡ್ರಿಸಿ ಒಮ್ಮಿಗೆ 200 ಎಂಎಲ್, ಎರಡು ಮೂರು ತಾಸಿಗೊಮ್ಮೆ. ಹೆಸರಬ್ಯಾಳಿ ಕಟ್ಟು, ತೆಳ್ಳನ ಅಂಬಲಿ, ಹಾಲಿನಾಗ ಪ್ರೋಟೀನ್ ಪುಡಿ, ಎಲ್ಲಾ ಅರಬಿಯಾಗ ಸೋಸಿ. ಮೊದಲೂ ಆಮ್ಯಾಲೂ 30 ಎಂಎಲ್ ನೀರು, ಇಲ್ಲಾಂದ್ರ ನಳಿಗಿ ಕಟ್ಟತೈತಿ. ಹಾಕಿದ ಮ್ಯಾಲೆ ಅರ್ಧ ತಾಸು ಮಲಗಿಸಬ್ಯಾಡ್ರಿ. ಅರಿಯಾಕ ಬರೂ ಗುಳಿಗಿ ಒಂದೊಂದ ಬ್ಯಾರೆ ಅರೀರಿ. 12 ತಾಸು ನಿಧಾನ ಬಿಡೂ ಮಾರ್ಫಿನ್ ಅಂತೂ ಎಂದೂ ಅರೀಬ್ಯಾಡ್ರಿ, ಪೂರ್ತಿ ಡೋಸ್ ಒಮ್ಮಿಗೇ ಇಳೀತೈತಿ.

ಗೋಕಾಕ: ನಳಿಗಿ ಎಲ್ಲಾರಿಗೂ ಬೇಕಂತೇನಿಲ್ಲ. ಕ್ಸೈಲೊಕೇನ್ ವಿಸ್ಕಸ್ (ಬಾಯಿ ಜೋಮು ಹಿಡಿಸೂ ಔಷಧ) ಬಾಯಾಗ ಆಡಿಸಿ ಉಗಳಿದ್ರ ಕೆಲವರಿಗೆ ಸ್ವಲ್ಪ ಆರಾಮ.

ಜಮಖಂಡಿ: ಹಂಗ ಹೇಳಿ ಬಿಡಬ್ಯಾಡ್ರಿ! ಗಂಟಲು ಜೋಮು ಹಿಡಿದಾಗ ತಿನಿಸಿದ್ರ ಅನ್ನ ಪುಪ್ಪುಸಕ್ಕ ಹೋಗ್ತೈತಿ. ಒಂದ ತಾಸು ಏನೂ ಕೊಡಬಾರದು.

ಅಥಣಿ: ರೇಡಿಯೇಶನ್‌ಗೆ ಮಹಾರಾಷ್ಟ್ರದ ಮಿರಜಕ್ಕ ಬರ್ರಿ, ಇಷ್ಟು ತಲಿಬ್ಯಾನಿ ಇರೂದಿಲ್ಲ.

ಗೋಕಾಕ: ಮುಧೋಳದವ್ರಿಗೆ ಮಿರಜ ಯಾಕ್ರಿ? ಹುಬ್ಬಳ್ಳಿ, ಬೆಳಗಾವಿ ಅದಾವಲ್ಲ! ರೇಡಿಯೇಶನ್ ವಾರಕ್ಕ 5 ದಿನ, 6-7 ವಾರ. ಖೋಲಿ ಬಾಡಿಗಿ, ಜೋಡಿ ಇರೂ ಒಬ್ರ ಪಗಾರ ಹೋಗೂದು, ಇವನ್ನ ಯಾವ ಆರೋಗ್ಯ ಕಾರ್ಡೂ ತುಂಬಿಕೊಡೂದಿಲ್ಲ.

ಬಾಗಲಕೋಟೆ: ಊರ ಜಗಳ ಆಮ್ಯಾಲೆ ಮಾಡ್ರಿ. ತಮ್ಮಾ, ಈ ಮೂರು ವಾರದಾಗ ಹಲ್ಲು ತೋರಸು. ಕೆಟ್ಟ ಹಲ್ಲು ರೇಡಿಯೇಶನ್‌ಗೆ 10-14 ದಿನ ಮೊದಲ ತಗಿಸಬೇಕು. ಆಮ್ಯಾಲೆ ತಗಿಸಿದ್ರ ದವಡಿ ಎಲುಬು ಮಾಯಲಾರದ ಕೊಳಿಯೂ ಅಪಾಯ ಐತಿ. ಡೈಕ್ಲೋಫೆನಾಕ್ ಯಾರರ ಹೇಳಿದ್ರ ತಗೋಬ್ಯಾಡ, ನೀರು ಕಡಿಮಿ ಆದ ಮೈಯಾಗ ಕಿಡ್ನಿ ಹಾಳಾಕ್ಕಾವ. ಮುಂದ ಸಿಸ್ಪ್ಲಾಟಿನ್ (ಕ್ಯಾನ್ಸರ್ ಕೀಮೋ ಔಷಧ) ಕೊಡೂದಿದ್ರ ಆ ಕಿಡ್ನಿನ ಬೇಕು. ಮತ್ತ ಅಪ್ಪಾರು ಉಸಿರು ಎಳಕೊಳ್ಳುವಾಗ ಸೀಟಿ ಹೊಡಿದಂಗ ಸಪ್ಪಳ ಬಂದ್ರ, ಕುತಗಿ ಕೆಳಗ ಗುಂಡಿ ಬಿದ್ರ, ರಾತ್ರಿ ಎರಡಾಗಿದ್ರೂ 108ಕ್ಕ ಫೋನ್ ಹಚ್ಚು. ಗಂಟಲ ಕೆಳಗ ಉಸಿರಿನ ದಾರಿ ಮಾಡಬೇಕಾಗ್ತೈತಿ, ಆವಾಗ ನಿದ್ದಿ ಬರಸೂ ಯಾವ ಗುಳಿಗೀನೂ ಮನ್ಯಾಗ ಕೊಡಬ್ಯಾಡ.